ಹುಟ್ಟಿದ ಮಗುವನ್ನು ತಣ್ಣಗೆ ಇಡುವುದು ಯಾಕೆ?

ಪ್ರಶ್ನೆ: ತಂಗಿಯ ಮಗು ಹುಟ್ಟಿದ ಕೂಡಲೇ ಅಳಲಿಲ್ಲ. ಮಂಗಳೂರಿಗೆ ಕರೆದೊಯ್ದೆವು. ಮೂರು ದಿನ ಮೈ ತಣ್ಣಗಿರಿಸುತ್ತೇವೆ ಎಂದು ವೈದ್ಯರು ಹೇಳಿದರು. ‘ಎಳೆ ಮಗುವಿಗೆ ಥಂಡಿ ತಾಗಿಸುವುದುಂಟೇ?’ ಎಂದು ಅಮ್ಮ ಅಳುತ್ತಿದ್ದಾರೆ. ಇದು ಸರಿಯಾದ ಚಿಕಿತ್ಸೆಯೇ? (ಬದಿಯಡ್ಕದ ಓದುಗರು)

ಉತ್ತರ: ಆರೋಗ್ಯವಾಗಿ ಹುಟ್ಟಿದ ಮಗುವಾಗಿದ್ದರೆ ನಿಮ್ಮ ಅಮ್ಮನ ಮಾತೇ ಸರಿ, ಬೆಚ್ಚಗೆ ಇಡಬೇಕು. ಹೆರಿಗೆಯ ಹೊತ್ತಿನಲ್ಲಿ ಮೆದುಳಿಗೆ ಆಮ್ಲಜನಕ ಸಾಲದೆ ಹೋದ ಮಗುವಿನ ವಿಷಯ ಬೇರೆ.

ಹೊಕ್ಕುಳಬಳ್ಳಿ ಒತ್ತಿಹೋದಾಗಲೋ ಮಾಸು ಅವಧಿಗೆ ಮೊದಲೇ ಬೇರ್ಪಟ್ಟಾಗಲೋ ಮಗುವಿಗೆ ರಕ್ತ, ಆಮ್ಲಜನಕ ಎರಡೂ ಕಡಿಮೆಯಾಗುತ್ತವೆ. ಆಗುವ ಹಾನಿ ಒಂದೇ ಏಟಿಗೆ ಮುಗಿಯುವುದಿಲ್ಲ. ಉಸಿರು ಮರಳಿದ ಮೇಲೆ ಮೆದುಳಿನ ಜೀವಕೋಶಗಳು ಕೆಲವು ಗಂಟೆ ಚೇತರಿಸಿಕೊಂಡಂತೆ ಇರುತ್ತವೆ. ಆಮೇಲೆ ಎರಡನೆಯ ಅಲೆ ಬರುತ್ತದೆ: ಊತ, ಫಿಟ್ಸ್, ಇನ್ನಷ್ಟು ಜೀವಕೋಶಗಳ ಸಾವು. ಮೈಯನ್ನು ತಂಪು ಮಾಡಿದರೆ ಮೆದುಳಿಗೆ ಬೇಕಾಗುವ ಶಕ್ತಿ ಕಡಿಮೆಯಾಗಿ ಈ ಎರಡನೆಯ ಹಾನಿ ತಗ್ಗುತ್ತದೆ. ಅದಕ್ಕಾಗಿಯೇ ಹುಟ್ಟಿದ ಆರು ಗಂಟೆಯೊಳಗೆ ಆರಂಭಿಸಬೇಕು ಎಂಬ ನಿಯಮವಿದೆ.

ತಂಪು ನೀರು ಹರಿಯುವ ಹಾಸಿಗೆಯ ಮೇಲೆ ಮಲಗಿಸಿ, ಗುದದ್ವಾರದಲ್ಲಿ ಇರಿಸಿದ ತೆಳುವಾದ ತಂತಿಯಿಂದ ಉಷ್ಣತೆಯನ್ನು ನೋಡುತ್ತಲೇ ಇರುತ್ತಾರೆ. 33ರಿಂದ 34 ಡಿಗ್ರಿ ಸೆಲ್ಸಿಯಸ್, 72 ಗಂಟೆ. ಮುಟ್ಟಿದರೆ ಕೈಕಾಲು ತಣ್ಣಗಿರುತ್ತದೆ, ಹೃದಯ ಬಡಿತವೂ ನಿಧಾನವಾಗುತ್ತದೆ. ನೋಡಿ ಗಾಬರಿಪಡಬೇಡಿ. ಕೊನೆಗೆ ಗಂಟೆಗೆ ಸುಮಾರು ಅರ್ಧ ಡಿಗ್ರಿಯಂತೆ ಮಾತ್ರ ಬೆಚ್ಚಗೆ ಮಾಡುತ್ತಾರೆ.

ಅಳದ ಮಕ್ಕಳಿಗೆಲ್ಲ ಇದು ಬೇಕಾಗಿಲ್ಲ. ಸಾಮಾನ್ಯವಾಗಿ 36 ವಾರ ತುಂಬಿರಬೇಕು, ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆ ಮತ್ತು ಮಗುವಿನ ಲಕ್ಷಣಗಳು ಮೆದುಳಿಗೆ ಮಧ್ಯಮ ಅಥವಾ ತೀವ್ರ ಪೆಟ್ಟಾಗಿದೆ ಎಂದು ತೋರಿಸಬೇಕು. ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಶ್ರೀಮಂತ ದೇಶಗಳ ಅಧ್ಯಯನಗಳಲ್ಲಿ ಈ ಚಿಕಿತ್ಸೆ ಸಾವನ್ನೂ ಅಂಗವೈಕಲ್ಯವನ್ನೂ ಕಡಿಮೆ ಮಾಡಿತು. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ಹೀಲಿಕ್ಸ್’ ಅಧ್ಯಯನದಲ್ಲಿ ತಂಪು ಮಾಡಿದವರಲ್ಲಿ 42 ಶೇಕಡಾ, ಮಾಡದವರಲ್ಲಿ 31 ಶೇಕಡಾ ಮಕ್ಕಳು ತೀರಿಕೊಂಡರು. ನಮ್ಮ ದೇಶದ ಮಕ್ಕಳ ವೈದ್ಯರಲ್ಲಿ ಈ ಬಗ್ಗೆ ಇನ್ನೂ ಚರ್ಚೆಯಿದೆ. ಸುಸಜ್ಜಿತ ಘಟಕದಲ್ಲಿ, ಮಗುವನ್ನು ಆರಿಸಿ ಮಾಡಿದರೆ ಮಾತ್ರ ಸರಿ ಎಂಬ ನಿಲುವು ನನಗೆ ಒಪ್ಪಿಗೆ. ‘ನಮ್ಮ ಮಗುವಿಗೆ ಯಾಕೆ ಬೇಕು, ಅಪಾಯವೇನು?’ ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಕಾಸರಗೋಡಿನ ನಮಗೆ ದೊಡ್ಡ ಚಿಂತೆ ದಾರಿಯದ್ದು. ಆರು ಗಂಟೆಯ ಲೆಕ್ಕ ಮಂಗಳೂರು ತಲುಪಿದಾಗ ಅಲ್ಲ, ಮಗು ಹುಟ್ಟಿದಾಗ ಶುರುವಾಗುತ್ತದೆ. 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ನಾವು ಮರೆತಿಲ್ಲ. ಆದ್ದರಿಂದ ಬಸುರಿಗೆ ರಕ್ತದೊತ್ತಡ, ಮಧುಮೇಹದಂತಹ ತೊಂದರೆಯಿದ್ದರೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಮೊದಲೇ ಮಾತಾಡಿಡಿ. ದಾರಿಯಲ್ಲಿ ಮಂಜುಗಡ್ಡೆ ಇಡುವುದು, ಒದ್ದೆ ಬಟ್ಟೆ ಸುತ್ತುವುದು ಖಂಡಿತ ಬೇಡ. ಉಷ್ಣತೆ ವಿಪರೀತ ಇಳಿದರೆ ಜೀವಕ್ಕೇ ಅಪಾಯ. ಕಂಬಳಿ ಹೊದೆಸಿ ಮೈ ಬಿಸಿಯೇರುವಂತೆ ಮಾಡುವುದೂ ಪೆಟ್ಟಾದ ಮೆದುಳಿಗೆ ಕೆಡುಕೇ. ಎಷ್ಟು ಬೆಚ್ಚಗಿಡಬೇಕೆಂದು ಕಳುಹಿಸುವ ವೈದ್ಯರೇ ಹೇಳಲಿ.

ತಂಗಿಗೆ ಈ ದಿನಗಳಲ್ಲಿ ಎದೆಹಾಲು ಹಿಂಡಿ ತೆಗೆಯಲು ನೆರವಾಗಿ, ಮಗು ಕುಡಿಯುವ ಹೊತ್ತಿಗೆ ಹಾಲು ಇರಬೇಕು. ಮನೆಗೆ ಬಂದ ಮೇಲೆ ಕಿವಿ, ಕಣ್ಣು, ಬೆಳವಣಿಗೆಯ ತಪಾಸಣೆಯನ್ನು ಕನಿಷ್ಠ ಎರಡು ವರ್ಷ ತಪ್ಪಿಸಬೇಡಿ. ಕತ್ತು ನಿಲ್ಲುವುದು ತಡವಾದರೆ, ಮೈ ಬಿಗಿದರೆ, ಒಂದೇ ಕೈಯನ್ನು ಬಳಸಿದರೆ ಕೂಡಲೇ ಫಿಸಿಯೋಥೆರಪಿ ಶುರುಮಾಡಬೇಕು. ಮಂಗಳೂರಿನ ಡಿಸ್ಚಾರ್ಜ್ ಪತ್ರ, ಎಂಆರ್‌ಐ ವರದಿಗಳ ಪ್ರತಿಯನ್ನು ಇಟ್ಟುಕೊಳ್ಳಿ. ಮುಂದೆ ಕಾಸರಗೋಡಿನಲ್ಲಿ ತೋರಿಸುವಾಗ ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.