ಒಲೆ ಮತ್ತೆ ಹೊತ್ತಿದ್ದು ರೀಲ್ಸ್‌ಗಾಗಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಸಂಬಂಧಿಕರ ಮನೆಯಿದೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಹಲಸಿನ ಹಪ್ಪಳದ ಗಡಿಬಿಡಿ. ಸೊಳೆ ಬಿಡಿಸಿ ಆಗಿತ್ತು. ಅಜ್ಜಿ ಗ್ಯಾಸಿನ ಮೇಲೆ ಅಟ್ಟಿನಳಗೆ (ಹಬೆಯಲ್ಲಿ ಬೇಯಿಸುವ ಪಾತ್ರೆ) ಇಟ್ಟು ಬೇಯಿಸಲು ಹೊರಟಿದ್ದರು. ಬೆಂದದ್ದನ್ನು ಅರೆಯಲು ಗ್ರೈಂಡರ್. ಆ ಮನೆಯಲ್ಲಿ ಹಪ್ಪಳ ಆಗುವುದು ಹೀಗೆಯೇ, ವರ್ಷಗಳಾದವು.

ಅಷ್ಟರಲ್ಲಿ ಮೊಮ್ಮಗ ಮೊಬೈಲು ಹಿಡಿದು ಬಂದ. ಗ್ಯಾಸ್ ಬೇಡ ಎಂದ. ಹಿತ್ತಿಲಲ್ಲಿ ತೆಂಗಿನ ಗರಿ ಪೇರಿಸಿಟ್ಟಿದ್ದ ಹಳೇ ಒಲೆಯನ್ನು ಖಾಲಿ ಮಾಡಿ ಬೆಂಕಿ ಹಾಕಿದ. ಮೂಲೆಗೆ ಬಿದ್ದಿದ್ದ ಒರಳನ್ನು ತೊಳೆದ. ನೈಟಿ ಬಿಟ್ಟು ಸೀರೆ ಉಟ್ಟು ಬರುವಂತೆ ಅಜ್ಜಿಗೆ ಹೇಳಿದ.

"ಗ್ರೈಂಡರಿಂಗೆ ಎಂತಾತು ಮಾಣಿ?" ಎಂದರು ಅಜ್ಜಿ.

ಗ್ರೈಂಡರಿಗೆ ಏನೂ ಆಗಿರಲಿಲ್ಲ. ಅಜ್ಜಿ ಸೀರೆ ಉಟ್ಟು ಬಂದು ಒರಳಿನಲ್ಲಿ ನಾಲ್ಕು ಸಲ ಕುಟ್ಟಿದರು. ಹೊಗೆ ಸರಿಯಾಗಿ ಬಂದಿಲ್ಲ ಅಂತ ಇನ್ನೊಮ್ಮೆ ಕುಟ್ಟಿಸಿದ. ಆಮೇಲೆ ಉಳಿದ ಸೊಳೆಯೆಲ್ಲ ಸುಮ್ನೆ ಗ್ರೈಂಡರಿಗೇ ಹೋಯಿತು. ಸಂಜೆಗೆ 40 ಸೆಕೆಂಡಿನ ರೀಲ್ಸ್ ತಯಾರು. ಕೆಳಗೆ ಯಾರೋ ಬರೆದಿದ್ದರು: ಈ ಅಜ್ಜಿಯಂದಿರು ಮಿಕ್ಸಿ, ಗ್ರೈಂಡರ್ ಮುಟ್ಟದವರು, ಅದಕ್ಕೇ ಗಟ್ಟಿ!

ಅಜ್ಜಿ ನಿಜ, ಹಲಸು ನಿಜ, ಹಪ್ಪಳವೂ ನಿಜ. ಸುಳ್ಳು ಎಂದು ಬೆರಳು ತೋರಿಸುವಂಥ ದೊಡ್ಡ ಸುಳ್ಳು ಅಲ್ಲಿ ಯಾವುದೂ ಇಲ್ಲ. ಆದರೂ ಆ ದಿನ ಆ ಮನೆಯ ಅಡಿಗೆಕೋಣೆ ಹೇಗಿತ್ತೋ ಹಾಗೆ ಆ ವಿಡಿಯೋದಲ್ಲಿ ಇಲ್ಲ. ಇಲ್ಲಿಗೆ ನಾವು ಬಂದದ್ದು ಹೇಗೆ ಎಂದು ಹುಡುಕಿದರೆ ಕಥೆ ಮೊಬೈಲಿಗಿಂತ ಹಿಂದಕ್ಕೆ ಹೋಗುತ್ತದೆ.

ತೋರಿಸಿಕೊಳ್ಳುವ ಆಸೆ ಕಾಸರಗೋಡಿಗೆ ಹೊಸದೇನಲ್ಲ. 1970ರ ದಶಕದಿಂದೀಚೆಗೆ ಗಲ್ಫ್‌ಗೆ ಹೋದವರು ಊರಿಗೆ ಬರೆಯುತ್ತಿದ್ದ ಕಾಗದದೊಳಗೆ ಒಂದು ಫೋಟೊ ಇರುತ್ತಿತ್ತು. ಕಪ್ಪು ಕನ್ನಡಕ, ಬೆಲ್‌ಬಾಟಮ್ ಪ್ಯಾಂಟು, ಪಕ್ಕದಲ್ಲಿ ಹೊಳೆಯುವ ಕಾರು. ಉಪ್ಪಳದ ಹಿರಿಯರೊಬ್ಬರು ನನ್ನ ಬಳಿ ನಗುತ್ತಾ ಹೇಳಿದ್ದರು, ಅದು ತಾನು ದಿನಾ ಬೆಳಿಗ್ಗೆ ತೊಳೆಯುತ್ತಿದ್ದ ಕಾರು ಅಂತ. ನಮ್ಮ ಕಡೆಯ ಸ್ಟುಡಿಯೋಗಳಲ್ಲೂ ಅಷ್ಟೇ. ಪರದೆಯ ಮೇಲೆ ಬರೆದ ಕಾಶ್ಮೀರದ ಮುಂದೆ ಎಷ್ಟು ಜೋಡಿಗಳು ನಿಂತಿಲ್ಲ! 1976ರ ಡಿಸೆಂಬರ್‌ನಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ, ಕೋರಿಕೆಯ ಹಾಡಿಗೆ ಕಾರ್ಡು ಹಾಕಿ ರೇಡಿಯೋದಲ್ಲಿ ತಮ್ಮ ಹೆಸರು ಕೇಳಲು ಕಾದು ಕೂತವರು ಪೆರ್ಲದಲ್ಲೂ ಇದ್ದರು, ಕುಂಬಳೆಯಲ್ಲೂ ಇದ್ದರು. ಹಾಡು ಮುಖ್ಯವಲ್ಲ, ಹೆಸರು ಮುಖ್ಯ.

ಆದರೆ ಆಗಿನ ಆಸೆಗೆ ಒಂದು ಬೇಲಿ ಇತ್ತು. ಕಾರಿನ ಫೋಟೊ ನೋಡುವವರು ಮನೆಯವರು, ನೆರೆಕರೆಯವರು. ಎರಡು ವರ್ಷಕ್ಕೊಮ್ಮೆ ರಜೆಗೆ ಬಂದಾಗ ಅವರ ಎದುರೇ ಕೂತು ಗಂಜಿ ಉಣ್ಣಬೇಕಿತ್ತು. ದುಡಿದು ಜಡ್ಡುಗಟ್ಟಿದ ಕೈ ಅವರಿಗೆ ಕಾಣುತ್ತಿತ್ತು. ಫೋಟೊ ಹೇಳಿದ್ದನ್ನು ಅಂಗೈ ತಿದ್ದುತ್ತಿತ್ತು.

2004ರಲ್ಲಿ ಆರ್ಕುಟ್ ಎಂಬ ಜಾಲತಾಣ ಬಂತು. ನಮ್ಮ ಊರಿನ ಕಾಲೇಜು ಹುಡುಗರು ಅದನ್ನು ಕಂಡದ್ದು ಕಾಸರಗೋಡು ಪೇಟೆಯ ಇಂಟರ್ನೆಟ್ ಕೆಫೆಗಳಲ್ಲಿ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು. ಅಲ್ಲೂ ಸ್ಕ್ರ್ಯಾಪ್ (ಗೆಳೆಯರು ಬರೆದ ಸಂದೇಶ) ಎಷ್ಟು, ಫ್ಯಾನ್ ಎಷ್ಟು ಎಂಬ ಲೆಕ್ಕ ಇತ್ತು. ಆದರೆ ಬರೆಯುವವರು ಹೆಚ್ಚಾಗಿ ಗುರುತಿನವರೇ. ನಿಜವಾದ ತಿರುವು 2009ರ ಫೆಬ್ರವರಿಯದು. ಆಗ ಫೇಸ್‌ಬುಕ್ ಲೈಕ್ ಬಟನ್ ತಂದಿತು. ಅದಕ್ಕೆ ಮೊದಲು 'ಆಸಮ್' (ಅದ್ಭುತ) ಎಂದು ಹೆಸರಿಡುವ ಯೋಚನೆ ಇತ್ತಂತೆ. ಏನೇ ಹೆಸರಿಟ್ಟರೂ ಕೆಲಸ ಒಂದೇ. ಚೆನ್ನಾಗಿದೆ ಎಂದು ಒಂದು ಸಾಲು ಬರೆಯುವ ಕಷ್ಟ ತಪ್ಪಿತು, ಆ ಸಾಲಿನ ಜಾಗಕ್ಕೆ ಸಂಖ್ಯೆ ಬಂತು. ಮಾತನ್ನು ಮಾತಿನ ಜೊತೆ ಹೋಲಿಸುವುದು ಕಷ್ಟ. ಸಂಖ್ಯೆಯನ್ನು ಸಂಖ್ಯೆಯ ಜೊತೆ ಹೋಲಿಸಲು ಏನು ಕಷ್ಟ? ನಿನ್ನೆಯ ಫೋಟೊಗೆ 80, ಇವತ್ತಿನದಕ್ಕೆ 12. ಇವತ್ತು ಏನು ತಪ್ಪಾಯಿತು ಎಂದು ಮನಸ್ಸು ಕೇಳತೊಡಗಿತು.

2016ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಇನ್‌ಸ್ಟಾಗ್ರಾಮ್, ಹಾಕಿದ ಸಮಯದ ಕ್ರಮದಲ್ಲಿ ಫೋಟೊ ತೋರಿಸುವುದನ್ನು ಬಿಟ್ಟು, ನೋಡುವವರು ಯಾವುದನ್ನು ಇಷ್ಟಪಡಬಹುದು ಎಂದು ತಾನೇ ಊಹಿಸಿ ತೋರಿಸಲು ಶುರು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದು ಡೇಟಾ ಅಗ್ಗವಾಯಿತು. ಹಿಂದೆ ಎಂಬಿ ಲೆಕ್ಕ ಹಾಕುತ್ತಿದ್ದವರು ಅಡಿಕೆ ಸುಲಿಯುವಾಗಲೂ ವಿಡಿಯೋ ನೋಡತೊಡಗಿದರು. ಕಂಪನಿಗಳಿಗೆ ದುಡ್ಡು ಬರುವುದು ಜಾಹೀರಾತಿನಿಂದ. ಜನ ಜಾಸ್ತಿ ಹೊತ್ತು ಕೂತರೆ ಜಾಸ್ತಿ ಜಾಹೀರಾತು. ಹಾಗಾಗಿ ಯಾವುದು ಕೂರಿಸುತ್ತದೋ ಅದನ್ನೇ ಮುಂದೆ ತಳ್ಳುವುದು ಯಂತ್ರದ ಕೆಲಸ. ನಿಜವೋ ಅಲ್ಲವೋ ಎಂಬುದು ಅದರ ಪ್ರಶ್ನೆಯೇ ಅಲ್ಲ.

ಆಮೇಲೆ ದುಡ್ಡಿನ ಆಸೆಯೂ ಸೇರಿತು. 2018ರಲ್ಲಿ ಯೂಟ್ಯೂಬ್ ಒಂದು ಗೆರೆ ಎಳೆಯಿತು: ಜಾಹೀರಾತಿನ ಪಾಲು ಬೇಕಿದ್ದರೆ 1000 ಚಂದಾದಾರರು ಬೇಕು, 12 ತಿಂಗಳೊಳಗೆ ಜನ ನೋಡಿದ ಹೊತ್ತು 4000 ಗಂಟೆ ಆಗಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಎಂಟು ಗಂಟೆಯ ಇಡೀ ರಾತ್ರಿಯ ಯಕ್ಷಗಾನದ ಆಟಕ್ಕೆ 500 ಜನ ಬೆಳಗಿನವರೆಗೂ ಎದ್ದು ಹೋಗದೆ ಕೂತರೆ 4000 ಗಂಟೆ. ಒಂದು ಒಳ್ಳೆಯ ಬಯಲಾಟ ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಒಬ್ಬ ಹುಡುಗ ವರ್ಷವಿಡೀ ಕ್ಯಾಮರಾ ಮುಂದೆ ಬಾಯಿ ಬಡಿದುಕೊಳ್ಳುತ್ತಾನೆ. 2020ರ ಜೂನ್ 29ಕ್ಕೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಹತ್ತು ದಿನದೊಳಗೆ, ಜುಲೈ 8ಕ್ಕೆ, ಇನ್‌ಸ್ಟಾಗ್ರಾಮ್‌ನ ರೀಲ್ಸ್ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬಿನ ಶಾರ್ಟ್ಸ್. ಎಲ್ಲವೂ ಸೆಕೆಂಡಿನ ಲೆಕ್ಕಕ್ಕೆ ಇಳಿಯಿತು.

ಆಟದ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಯಕ್ಷಗಾನದ ಪಿತಾಮಹ ಎಂದು ಕರೆಸಿಕೊಳ್ಳುವ ಪಾರ್ತಿಸುಬ್ಬ ಕುಂಬಳೆ ಸೀಮೆಯವನು. ವೇಷ ಎಂದರೆ ಏನು ಎಂಬುದು ನಮ್ಮ ಊರಿಗೆ ಹೇಳಿಕೊಡಬೇಕಾಗಿಲ್ಲ. ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿಯ ಚುಕ್ಕೆ ಇಡುತ್ತಾರೆ. ರಂಗಸ್ಥಳಕ್ಕೆ ಬಂದರೆ ರಾಕ್ಷಸ. ಬೆಳಿಗ್ಗೆ ಅದೇ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು, ಚಾ ಕುಡಿದು ಬಸ್ಸು ಹತ್ತುತ್ತಾರೆ. ಇದನ್ನು ಯಾರಾದರೂ ಸೋಗು ಎಂದಿದ್ದಾರಾ? ಹಾಗಾಗಿ ವೇಷ ಹಾಕುವುದೇ ಸುಳ್ಳು ಎನ್ನುವ ವಾದ ನನಗೆ ಹಿಡಿಸುವುದಿಲ್ಲ. ಚೌಕಿ ಇರುವವರೆಗೆ ವೇಷದಿಂದ ತೊಂದರೆ ಇಲ್ಲ. ಬಣ್ಣ ತೆಗೆಯುವ ಒಂದು ಜಾಗ ಬೇಕು, ಹೊತ್ತು ಬೇಕು. ಈಗ ಮೊಬೈಲು ಚೌಕಿಯ ಒಳಗೇ ಬಂದು ಕೂತಿದೆ. ಬಣ್ಣ ಹಚ್ಚುವುದೂ ವಿಡಿಯೋ, ತೆಗೆಯುವುದೂ ವಿಡಿಯೋ, ಆಯಾಸದಿಂದ ಪೆಟ್ಟಿಗೆಗೆ ಒರಗಿ ನಿದ್ದೆ ಹೋದದ್ದೂ ವಿಡಿಯೋ.

ರಂಗದ ಮೇಲೂ ಬದಲಾವಣೆ ಕಾಣುತ್ತದೆ. ಮೊಬೈಲಿಗೆ ಹೇಳಿ ಮಾಡಿಸಿದ್ದು ಪುಂಡುವೇಷದ (ಹರೆಯದ ವೀರರ ವೇಷ) ಧಿಗಿಣ. ಚೆಂಡೆಯ ಅಬ್ಬರಕ್ಕೆ ಸುತ್ತುತ್ತಾ ಹಾರುವ ಹಾರಾಟ, ಅರ್ಧ ನಿಮಿಷಕ್ಕೆ ಸರಿಯಾಗಿ ಕೂರುತ್ತದೆ. ಧಿಗಿಣ ಎಣಿಸಿ ಸೀಟಿ ಹೊಡೆಯುವವರು ಮೊದಲೂ ಇದ್ದರು, ಅದನ್ನು ಮೊಬೈಲಿನ ಮೇಲೆ ಹೊರಿಸಬಾರದು. ಆಟವನ್ನು ನಾಲ್ಕೈದು ಗಂಟೆಗೆ ಇಳಿಸಿದ ಕಾಲಮಿತಿ ಪ್ರಯೋಗವೂ ರೀಲ್ಸ್‌ಗಿಂತ ಹಳೆಯದು. ಆದರೆ ಆಗ ಸೀಟಿ ಹೊಡೆದವನೂ ಮುಂದಿನ ಸಂಭಾಷಣೆಗೆ ಅಲ್ಲೇ ಕೂತಿರುತ್ತಿದ್ದ. ಈಗ ಧಿಗಿಣ ಮಾತ್ರ ಕತ್ತರಿಸಿ ಊರೂರಿಗೆ ಹೋಗುತ್ತದೆ. ಅಭಿಮನ್ಯು ಯಾಕೆ ಅಷ್ಟು ಹಾರಿದ, ಎದುರು ಯಾರಿದ್ದರು, ನೋಡುವವನಿಗೆ ಗೊತ್ತಿಲ್ಲ. ಅರ್ಥಗಾರಿಕೆಯ, ಅಂದರೆ ಪಾತ್ರಧಾರಿಗಳು ಆಡುವ ಮಾತಿನ, ಪಾಡು ಇನ್ನೂ ಕಷ್ಟ. ಈ ಮಣ್ಣಿನಲ್ಲೇ 1918ರಲ್ಲಿ ಹುಟ್ಟಿದ ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದ ಕೂಟ) ವಾಲಿಯ ಪರ ಮಾತಾಡಿದರೆ ರಾಮನೇ ತಪ್ಪು ಮಾಡಿದ ಎನ್ನಿಸುತ್ತಿತ್ತು ಎಂದು ಕೇಳಿದವರು ಇವತ್ತಿಗೂ ಹೇಳುತ್ತಾರೆ. ಹಾಗೆ ಅನ್ನಿಸಬೇಕಾದರೆ ಹೊತ್ತು ಬೇಕು. ಒಂದು ಮಾತಿನ ಮೇಲೆ ಇನ್ನೊಂದು ಮಾತು ಇಡುತ್ತಾ ಹೋಗಬೇಕು. ಅದರಿಂದ ಅರ್ಧ ನಿಮಿಷ ಕತ್ತರಿಸಿದರೆ ಸಿಗುವುದು ಒಂದು ಹಾಸ್ಯ ಅಥವಾ ಒಂದು ಜಗಳ. ಕ್ಲಿಪ್ಪುಗಳಾಗಿ ಓಡಾಡುತ್ತಿರುವುದೂ ಅವೇ. ಅವನ್ನೇ ನೋಡಿ ಕಲಿತ ಹೊಸ ಹುಡುಗರು ರಂಗದಲ್ಲಿ ಮೊದಲೇ ಕತ್ತರಿಸಿ ಇಟ್ಟಂಥ ಮಾತು ಆಡುತ್ತಾರೆ ಎಂದು ಹಿರಿಯ ಭಾಗವತರೊಬ್ಬರು ಗೊಣಗಿದರು. ಹಿರಿಯರು ಯಾವಾಗಲೂ ಗೊಣಗುತ್ತಾರೆ, ನಿಜ. ಈ ವಿಷಯದಲ್ಲಿ ನಾನು ಅವರ ಪಕ್ಷ.

ಭೂತಕೋಲದ ಕಥೆಯೂ ಬೇರೆ ಅಲ್ಲ. 2022ರಲ್ಲಿ 'ಕಾಂತಾರ' ಎಂಬ ಕನ್ನಡ ಸಿನಿಮಾ ಬಂತು. ಅದಾದ ಮೇಲೆ ದೈವದ ಕೂಗನ್ನು, ಬಣ್ಣವನ್ನು ಅನುಕರಿಸುವ ರೀಲ್ಸ್ ಬಂದವು. ಕಟ್ಟುಕಟ್ಟಳೆ ಗೊತ್ತಿದ್ದವರಿಗೆ ನೋವಾಯಿತು.

ಭಾಷೆಯ ವಿಷಯ ನಮ್ಮೂರಿಗೇ ಅಂಟಿದ್ದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿನ ಕನ್ನಡಿಗರ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಠಿ, ಹೀಗೆ ಏನಾದರೂ ಇರಬಹುದು. ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬಂದರೂ ಯಾರೂ ತಿರುಗಿ ನೋಡುವುದಿಲ್ಲ. ಈಗ ವಿಡಿಯೋ ಮಾಡುವ ಹುಡುಗಿಯ ಕಷ್ಟ ನೋಡಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 13 ಲಕ್ಷ. ತೆಂಕಕ್ಕೆ ನೋಡಿದರೆ ಕೇರಳದ 3.3 ಕೋಟಿ, ಬಡಗಕ್ಕೆ ನೋಡಿದರೆ ಕರ್ನಾಟಕದ 6.1 ಕೋಟಿ. ಅವಳ ಮನೆಯ ಮಾತು ಅರ್ಥವಾಗುವವರು ನಡುವೆ ಎರಡು ತಾಲೂಕಿನಷ್ಟು. ವ್ಯೂಸ್ ಬೇಕಿದ್ದರೆ ಒಂದೋ ಮಲಯಾಳಕ್ಕೆ ಹೋಗಬೇಕು, ಇಲ್ಲಾ ಬೆಂಗಳೂರು ಕನ್ನಡಕ್ಕೆ.

ಮೂರನೆಯ ದಾರಿ ಒಂದಿದೆ, ನನಗೆ ಹೆಚ್ಚು ಕಿರಿಕಿರಿ ಅದೇ. ನಮ್ಮ ಮಾತನ್ನೇ ಉಬ್ಬಿಸಿ ಆಡುವುದು. ನಿಮಿಷಕ್ಕೆ ಹತ್ತು ಸಲ 'ಮಾರಾಯ್ರೇ', ಪ್ರತಿ ವಾಕ್ಯದ ಕೊನೆಗೆ ಒಂದು ಎಳೆತ. ಸಿನಿಮಾದವರು ಕರಾವಳಿ ಕನ್ನಡವನ್ನು ನಗಿಸಲು ಬಳಸಿದ್ದಕ್ಕೆ ನಾವು ಸಿಟ್ಟಾಗಿದ್ದೆವು, ಅಲ್ವಾ? ಈಗ ಆ ಕೆಲಸವನ್ನು ನಾವೇ ಮಾಡುತ್ತಿದ್ದೇವೆ. ನಾನೂ ತಪ್ಪಿಸಿಕೊಂಡವನಲ್ಲ. ಫೇಸ್‌ಬುಕ್‌ನಲ್ಲಿ ಒಂದು ಕಾಲದಲ್ಲಿ ಊರ ನೆನಪು ಬರೆಯುತ್ತಿದ್ದೆ. 'ಎಂತ ಸಾವು ಮಾರಾಯ' ಎಂದು ಶುರುವಾದ ಪೋಸ್ಟಿಗೆ ಲೈಕ್ ಜಾಸ್ತಿ ಬಂತು. ಮುಂದಿನ ಆರೇಳು ಪೋಸ್ಟಿನಲ್ಲೂ ಅದೇ ಸಾವು. ಕೊನೆಗೆ ತಂಗಿ ಫೋನ್ ಮಾಡಿ, "ಅಣ್ಣಾ, ನೀನು ಮನೆಯಲ್ಲಿ ಯಾವತ್ತಾದರೂ ಹೀಗೆ ಮಾತಾಡಿದ್ದುಂಟಾ?" ಎಂದು ಕೇಳಿದಳು.

ನಮ್ಮ ಸಿಟ್ಟಿಗೂ ಇದೇ ಗತಿ. 2021ರ ಜೂನ್‌ನಲ್ಲಿ ಕೇರಳ ಸರಕಾರ ಕಾಸರಗೋಡಿನ ಕನ್ನಡ ಊರುಗಳ ಹೆಸರು ಬದಲಿಸುತ್ತಿದೆ ಎಂಬ ಸುದ್ದಿ ಹಬ್ಬಿತು. ಮಂಜೇಶ್ವರ 'ಮಂಜೇಶ್ವರಂ' ಆಗುತ್ತದೆ, ಮಧೂರು 'ಮಧೂರಂ' ಆಗುತ್ತದೆ ಎಂಬ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕರ್ನಾಟಕದ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಪತ್ರ ಬರೆದರು. ಅಂಥ ಯೋಚನೆಯೇ ಇಲ್ಲ ಎಂದು ಕೇರಳ ಹೇಳಿತು. ನಿಜ ಇವೆರಡರ ನಡುವೆ ಎಲ್ಲೋ ನಿಧಾನವಾಗಿ ಹರಿಯುತ್ತಿತ್ತು. 'ಮಂಜೇಶ್ವರಂ' ಎಂಬ ಬರಹ ಬೋರ್ಡುಗಳಲ್ಲಿ, ಕಾಗದಪತ್ರಗಳಲ್ಲಿ ಎಷ್ಟೋ ವರ್ಷದಿಂದ ಇದೆ. ಕನ್ನಡದಲ್ಲಿ ಅರ್ಜಿ ಕೊಟ್ಟರೆ ಓದುವವರು ಇಲ್ಲದ ಕಷ್ಟ, ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಟೀಚರು ಬರುವ ಕಷ್ಟ, ಇವು ಒಂದು ದಿನದ ಸುದ್ದಿಯಲ್ಲ. ಆ ವಾರ ಎದೆ ಬಡಿದುಕೊಂಡವರಲ್ಲಿ ಎಷ್ಟು ಮಂದಿ ಮುಂದಿನ ವಾರ ಶಾಲೆಯ ವಿಷಯ ಹಂಚಿದರು? ನನ್ನ ಕಣ್ಣಿಗೆ ಬಿದ್ದವರು ಬೆರಳೆಣಿಕೆಯವರು.

ಕಂಪನಿಗಳಿಗೂ ಇದು ಗೊತ್ತಿಲ್ಲದ್ದೇನಲ್ಲ. 2019ರಲ್ಲಿ ಇನ್‌ಸ್ಟಾಗ್ರಾಮ್ ಕೆಲವು ದೇಶಗಳಲ್ಲಿ ಲೈಕಿನ ಸಂಖ್ಯೆ ಅಡಗಿಸಿ ನೋಡಿತು. 2021ರಲ್ಲಿ, ಬೇಕಿದ್ದವರು ಅಡಗಿಸಿಕೊಳ್ಳಿ ಎಂದು ಬಿಟ್ಟಿತು. ನನಗೆ ಗೊತ್ತಿರುವ ಯಾರೂ ಅಡಗಿಸಿಕೊಂಡಿಲ್ಲ. ದಿನಕ್ಕೊಮ್ಮೆ ಗಂಟೆ ಹೊಡೆದು, ಈಗ ಇದ್ದ ಹಾಗೆ ಫೋಟೊ ತೆಗೆ ಎನ್ನುವ ಬಿರಿಯಲ್ ಎಂಬ ಆ್ಯಪ್ ಬಂತು. ಗಂಟೆ ಹೊಡೆದಾಗ ತೆಗೆಯದೆ, ಎಲ್ಲಾದರೂ ಚೆಂದದ ಜಾಗಕ್ಕೆ ಹೋದಾಗ ತೆಗೆಯುವವರು ಅಲ್ಲೂ ಹುಟ್ಟಿಕೊಂಡರು. 2023ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದ ಎಂದು ಆರಿಸಿದ್ದು 'ಅಥೆಂಟಿಕ್' ಎಂಬುದನ್ನು, ಅಂದರೆ ಅಸಲಿ. ಅಸಲಿಗೆ ಬೇಡಿಕೆ ಬಂದರೆ ಅಸಲಿಯ ವೇಷ ಹಾಕುವುದು ಎಷ್ಟು ಹೊತ್ತಿನ ಕೆಲಸ? ಹಳೇ ಒಲೆ ಇದೆ, ಒರಳು ಇದೆ, ಸೀರೆ ಇದೆ.

ಬದಿಯಡ್ಕದ ಆ ಹುಡುಗನ ಮೇಲೆ ನನಗೇನೂ ಕೋಪವಿಲ್ಲ. ಅಡಿಕೆಯ ರೇಟು ನಂಬಿ ಕೂರಲಾಗದ ಮನೆ ಅದು. ವಿಡಿಯೋ ನೋಡಿ ಹಪ್ಪಳಕ್ಕೆ ಆರ್ಡರೂ ಬಂತು. ಹೊರಡುವ ಮುಂಚೆ ಅವನ ಮೊಬೈಲಿನಲ್ಲಿ ಬೇರೆ ಏನಿದೆ ಅಂತ ಕೇಳಿದೆ. ಮೊದಲ ದಿನ ಹಾಗೇ ತೆಗೆದ ಒಂದು ವಿಡಿಯೋ ತೋರಿಸಿದ. ಹನ್ನೊಂದು ನಿಮಿಷ. ನೈಟಿಯ ಮೇಲೆ ತೋರ್ತು (ತೆಳು ಟವೆಲ್) ಹಾಕಿಕೊಂಡ ಅಜ್ಜಿ, ಹಿಂದೆ ಗ್ರೈಂಡರಿನ ಗರಗರ. ಉಪ್ಪು ಎಷ್ಟು ಎಂದು ಕೇಳಿದರೆ ಅಂಗೈ ತೋರಿಸುತ್ತಾರೆ. ನಡುವೆ ಚಾಪೆಯ ಮೇಲಿನ ಹಪ್ಪಳಕ್ಕೆ ಕಾಗೆ ಬರುತ್ತದೆ. ಅಜ್ಜಿ ಹಿಟ್ಟಿನ ಕೈಯಲ್ಲೇ ಓಡುತ್ತಾರೆ, ಕ್ಯಾಮರಾ ಹಿಂದಿನಿಂದ ಹುಡುಗನ ನಗು ಕೇಳುತ್ತದೆ.

"ಇದನ್ನು ಹಾಕಲಿಲ್ಲವಾ?" ಎಂದೆ.

"ಇದರಲ್ಲಿ ಎಂತ ಉಂಟು ಮಾವ" ಎಂದ. ಮೆಮೊರಿ ತುಂಬಿದೆ, ಡಿಲೀಟ್ ಮಾಡಬೇಕು ಎಂದೂ ಹೇಳಿದ. ನನ್ನ ವಾಟ್ಸ್ಆ್ಯಪ್‌ಗೆ ಕಳಿಸಿಕೊಂಡೆ.