ಹಡಗು ಹೊರಟ ಮೊದಲ ದಿನಗಳು

ಸಂಶೋಧನಾ ಹಡಗು ಬಂದರು ಬಿಟ್ಟ ಮೊದಲ ದಿನ ವಿಜ್ಞಾನ ಕಮ್ಮಿ, ಹಗ್ಗ ಬಿಗಿಯುವ ಕೆಲಸವೇ ಜಾಸ್ತಿ. ಲ್ಯಾಬಿನ ಮೈಕ್ರೋಸ್ಕೋಪಿನಿಂದ ಹಿಡಿದು ಕೂರುವ ಕುರ್ಚಿಯ ತನಕ ಎಲ್ಲವನ್ನೂ ಕಟ್ಟಿಹಾಕಬೇಕು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ‘ಸಿಂಧು ಸಾಧನಾ’ದಂಥ ಹಡಗು ಅಲ್ಲಿಂದ ಹೊರಟು ಕಾರವಾರದ ನೇರಕ್ಕೆ ಬರುವಷ್ಟರಲ್ಲಿ ಹೊಸಬರು ಕೆಲವರು ಊಟ ಬಿಟ್ಟು ಮಲಗಿರುತ್ತಾರೆ. ಲ್ಯಾಬಿನೊಳಗೆ ಕೂತ ಕಣ್ಣಿಗೆ ಗೋಡೆ ಅಲ್ಲಾಡಿದ್ದು ಕಾಣುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ಪ್ರತಿ ಅಲೆಯೂ ಗೊತ್ತಾಗುತ್ತದೆ. ಮೆದುಳು ಗಲಿಬಿಲಿ, ಹೊಟ್ಟೆ ತೊಳೆಸು. ಡೆಕ್ಕಿಗೆ ಬಂದು ದಿಗಂತ ನೋಡುತ್ತಾ ನಿಂತರೆ ಸ್ವಲ್ಪ ಹಾಯೆನಿಸುತ್ತದೆ. ಎರಡು-ಮೂರು ದಿನದಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಕಾರವಾರದ ಬೈತಖೋಲ ಬಂದರಿನ ಮೀನುಗಾರರ ಮುಂದೆ ಇದನ್ನೆಲ್ಲ ಹೇಳಿದರೆ ನಕ್ಕಾರು, ಆ ಮಾತು ಬೇರೆ.

ಕಾರವಾರದ ಎದುರಿನ ಕಡಲತಳ ಹತ್ತಾರು ಕಿಲೋಮೀಟರ್ ದೂರ ನಿಧಾನಕ್ಕೆ ಇಳಿಯುತ್ತಾ ಹೋಗಿ, ಆಮೇಲೆ ಒಮ್ಮೆಲೇ ಆಳವಾಗುತ್ತದೆ. ಆ ಅಂಚು ದಾಟಿದ ಮೇಲೆ ಹಡಗು ನಿಲ್ಲಿಸಿ ಒಂದು ಟ್ರಯಲ್. ಭಾರ ಇಳಿಸಿ ಎತ್ತುವ ಯಂತ್ರವಾದ ವಿಂಚಿನ ಕೇಬಲ್ಲಿಗೆ ಸಿಟಿಡಿ ಎಂಬ ಉಪಕರಣ ಕಟ್ಟಿ ಇಳಿಸುತ್ತಾರೆ. ನೀರಿನ ಉಪ್ಪು, ಉಷ್ಣತೆ, ಆಳ ಮೂರನ್ನೂ ಅದು ಇಳಿಯುತ್ತಲೇ ತಿಳಿಸುತ್ತದೆ. ಸುತ್ತ ಜೋಡಿಸಿದ ಉದ್ದನೆ ಬಾಟಲಿಗಳು ಎರಡೂ ಬಾಯಿ ತೆರೆದುಕೊಂಡೇ ಹೋಗುತ್ತವೆ. ವಾಪಸ್ ಬರುವಾಗ ಬೇಕಾದ ಆಳದಲ್ಲಿ ಒಂದೊಂದನ್ನೇ ಲ್ಯಾಬಿನಿಂದ ಮುಚ್ಚುತ್ತಾರೆ. ಸೆಕೆಂಡಿಗೆ ಒಂದು ಮೀಟರ್ ಲೆಕ್ಕದಲ್ಲಿ 1000 ಮೀಟರ್ ಇಳಿಯಲು ಕಾಲು ಗಂಟೆಗೂ ಮೇಲೆ ಬೇಕು. ತಳದಿಂದ ಬಂದ ಬಾಟಲಿ ಮುಟ್ಟಿದರೆ ಕೊರೆಯುವಷ್ಟು ತಣ್ಣಗಿರುತ್ತದೆ. ಡೆಕ್ಕಿನ ಸೆಕೆಯಲ್ಲಿ ನಿಂತವರಿಗೆ ಅದೇ ಸುಖ.

ಆದರೆ ಸುಖಪಡುತ್ತಾ ನಿಲ್ಲುವ ಹಾಗಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕದ ಪರೀಕ್ಷೆಗೆ ಎಲ್ಲಕ್ಕಿಂತ ಮೊದಲು ನೀರು ಹಿಡಿಯಬೇಕು, ಒಂದು ಗುಳ್ಳೆಯೂ ಸೇರದಂತೆ. ಗಾಳಿ ತಾಗಿದರೆ ಲೆಕ್ಕ ಕೆಟ್ಟಿತು. ಶೀಸೆಗೆ ಮ್ಯಾಂಗನೀಸ್ ಲವಣ, ಕ್ಷಾರ ಬೆರೆತ ಅಯೋಡೈಡ್ ಹಾಕಿ ಕುಲುಕುತ್ತಾರೆ. 1888ರಲ್ಲಿ ಹಂಗೇರಿಯ ರಸಾಯನ ವಿಜ್ಞಾನಿ ವಿಂಕ್ಲರ್ ಪ್ರಕಟಿಸಿದ ವಿಧಾನ, ಇವತ್ತಿಗೂ ಅದೇ. ಮೇಲ್ನೀರಿನ ಶೀಸೆಯಲ್ಲಿ ಕಂದು ಗಸಿ ಕೂರುತ್ತದೆ. 300 ಮೀಟರ್ ಆಳದ್ದರಲ್ಲಿ ಗಸಿ ಹೆಚ್ಚುಕಮ್ಮಿ ಬಿಳಿ. ಆಮ್ಲಜನಕ ಇದ್ದರೆ ತಾನೆ ಕಂದಾಗುವುದು! ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರಿನ ನಡುವೆ ಅದು ತೀರಾ ಕಮ್ಮಿ. ಮಳೆಗಾಲದಲ್ಲಿ ಕೆಳಗಿನ ನೀರು ಮೇಲೆದ್ದು ದಂಡೆಯತ್ತ ಬರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ತಳದ ಮೀನು, ಸಿಗಡಿಗಳು ಉಸಿರುಗಟ್ಟಿ ಜಾಗ ಬಿಡಬೇಕಾಗುತ್ತದೆ. ಬಲೆಗೆ ಏನು ಬೀಳುತ್ತದೆ ಎನ್ನುವುದಕ್ಕೂ ಈ ಬಿಳಿ ಗಸಿಗೂ ನಂಟಿದೆ, ಅಲ್ವಾ?

ಸಿಟಿಡಿಯ ಜೊತೆಗೂ ಆಮ್ಲಜನಕದ ಸೆನ್ಸರ್ ಇರುತ್ತದೆ. ಅದು ಹೇಳಿದ್ದನ್ನು ಸುಮ್ನೆ ನಂಬುವ ಹಾಗಿಲ್ಲ. ಶೀಸೆಯ ಲೆಕ್ಕದ ಜೊತೆ ತಾಳೆ ನೋಡಿ, ಹೊಂದದಿದ್ದರೆ ಸೆನ್ಸರಿನ ಅಂಕಿಯನ್ನೇ ತಿದ್ದುತ್ತಾರೆ. ಮೊದಲ ರಾತ್ರಿಗಳ ನಿದ್ದೆ ಹೋಗುವುದು ಬಹುಪಾಲು ಇದರಲ್ಲೇ.