ಒಂದೇ ಮದ್ದು, ನಾಯಿಗೊಂದು ಥರ, ಬೆಕ್ಕಿಗೊಂದು ಥರ

"ಡಾಕ್ಟ್ರೇ, ಇವಳ ಕಣ್ಣು ಪೂರಾ ಕಪ್ಪಾಗಿಬಿಟ್ಟಿದೆ. ಹಾಸಿಗೆ ತುಳೀತಾ ಗುರ್‌ಗುರ್ ಅಂತಾನೇ ಇದ್ದಾಳೆ, ಮಲಗೋದೇ ಇಲ್ಲ!"

ಬೆಕ್ಕಿಗೆ ಆಪರೇಷನ್ ಆದ ರಾತ್ರಿ ಇಂಥ ಫೋನ್ ಬರುವುದು ಮಾಮೂಲು. ಗಾಬರಿ ಬೇಡ. ನೋವು ತಗ್ಗಿಸುವ ಮಾರ್ಫಿನ್ ಬಳಗದ ಮದ್ದು, ಅಂದರೆ ಓಪಿಯಾಯ್ಡ್, ಒಳಗೆ ಹೋದರೆ ಬೆಕ್ಕಿನ ಕಣ್ಣಿನ ಪಾಪೆ ಅಗಲವಾಗುತ್ತದೆ. ನಾಯಿಯಲ್ಲಿ ಅದೇ ಪಾಪೆ ಕಿರಿದಾಗುತ್ತದೆ. ನಾಯಿ ತೇಕುತ್ತದೆ, ತೂಕಡಿಸುತ್ತದೆ. ಬೆಕ್ಕನ್ನು ಬೆಳಕು ಕಮ್ಮಿ ಇರುವ ಕೋಣೆಯಲ್ಲಿ ಇಡಿ, ಎತ್ತರದಿಂದ ಹಾರಲು ಬಿಡಬೇಡಿ. ಅಷ್ಟು ಸಾಕು.

ಹಿಂದೆ, ಮಾರ್ಫಿನ್ ಕೊಟ್ಟರೆ ಬೆಕ್ಕಿಗೆ ಹುಚ್ಚು ಹಿಡಿಯುತ್ತದೆ ಅಂತ ವೈದ್ಯರೇ ಹೆದರುತ್ತಿದ್ದರು. ವಿಪರೀತ ಡೋಸ್ ಕೊಟ್ಟ ಹಳೆಯ ಪ್ರಯೋಗಗಳಿಂದ ಹುಟ್ಟಿದ ಹೆದರಿಕೆ ಅದು. ಆ ಭಯದಿಂದ ಎಷ್ಟು ಬೆಕ್ಕುಗಳು ಸುಮ್ನೆ ನೋವು ತಿಂದವೋ, ನೆನೆದರೆ ಸಂಕಟವಾಗುತ್ತದೆ.

ಬೆಕ್ಕಿಗೆ ಅಂತ ಮನೆಗೆ ನಾನು ಜಾಸ್ತಿ ಕೊಟ್ಟು ಕಳಿಸುವುದು ಇದೇ ಬಳಗದ ಬ್ಯುಪ್ರೆನಾರ್ಫಿನ್. ಸೂಜಿ ಇಲ್ಲದ ಸಿರಿಂಜನ್ನು ತುಟಿಯ ಮೂಲೆಯಿಂದ ಕೆನ್ನೆಯೊಳಗೆ ಜಾರಿಸಿ, ಒಸಡಿನ ಮೇಲೆ ನಿಧಾನಕ್ಕೆ ಬಿಡಬೇಕು. ಬೆಕ್ಕಿನ ಜೊಲ್ಲು ಕ್ಷಾರೀಯವಾದ್ದರಿಂದ ಮದ್ದು ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ನುಂಗಿಬಿಟ್ಟರೆ ಲಿವರ್ ಅದನ್ನು ಮುಕ್ಕಾಲುಪಾಲು ಹಾಳು ಮಾಡುತ್ತದೆ. ಹಾಗಾಗಿ ಗಂಟಲಿಗೆ ಹಾಕಬೇಡಿ, ಊಟದಲ್ಲಿ ಬೆರೆಸಬೇಡಿ. ಕೆಲಸ ಶುರುವಾಗಲು ಅರ್ಧ ಗಂಟೆಗೂ ಮೇಲೆ ಬೇಕು. ನೋವು ಏರುವ ತನಕ ಕಾಯದೆ, ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ.

ನೋವಿನ ಇನ್ನೊಂದು ಮದ್ದು ಟ್ರಮಡಾಲ್, ಅದರ ವಿಷಯವೇ ಬೇರೆ. ಅದರ ನೋವು ತಗ್ಗಿಸುವ ಅಂಶ ತಯಾರಾಗುವುದು ಲಿವರ್‌ನಲ್ಲಿ. ನಾಯಿಯ ಲಿವರ್ ಅದನ್ನು ತುಂಬಾ ಕಮ್ಮಿ ತಯಾರಿಸುತ್ತದೆ. ಅದಕ್ಕೇ ಕೀಲುನೋವಿನ ಮುದಿ ನಾಯಿಗೆ ಬರೀ ಟ್ರಮಡಾಲ್ ನಂಬಿ ನಾನು ಕೂರುವುದಿಲ್ಲ. ಬೆಕ್ಕಿನ ಲಿವರ್ ಚೆನ್ನಾಗಿಯೇ ತಯಾರಿಸುತ್ತದೆ, ಆದರೆ ಕಹಿಗೆ ಅದು ನೊರೆ ಉಗುಳುತ್ತದೆ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯನ್ನಂತೂ ದಯವಿಟ್ಟು ಮುಟ್ಟಬೇಡಿ. ಎಷ್ಟೋ ಮಾತ್ರೆಗಳಲ್ಲಿ ಟ್ರಮಡಾಲ್ ಜೊತೆ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅಂಥ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಕರೆದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಒಸಡು ನೀಲಿಗಟ್ಟಿದರೆ ತಕ್ಷಣ ಹೊತ್ತು ತನ್ನಿ. ಓಪಿಯಾಯ್ಡ್‌ನ ಪರಿಣಾಮ ತಡೆಯಲು ನಲಾಕ್ಸೋನ್ ಇದೆ.

ಇನ್ನೊಂದು ಮಾತು. ಗುರ್‌ಗುರ್ ಅನ್ನುವ ಬೆಕ್ಕಿಗಿಂತ ಮೂಲೆಯಲ್ಲಿ ಮುದುಡಿ ಕೂತ ಬೆಕ್ಕನ್ನು ಜಾಸ್ತಿ ಗಮನಿಸಿ. ಕಣ್ಣು ಕಿರಿದು ಮಾಡಿಕೊಂಡು, ಕಿವಿ ಪಕ್ಕಕ್ಕೆ ಬಾಗಿಸಿ, ತಲೆ ತಗ್ಗಿಸಿ ಕೂತಿದೆ, ಊಟ ಮೂಸಿಯೂ ನೋಡುತ್ತಿಲ್ಲ ಅಂದರೆ ಅದಕ್ಕೆ ನೋಯುತ್ತಿದೆ. ಆಗ ಬೆಳಗಾಗಲಿ ಅಂತ ಕಾಯಬೇಡಿ, ಎಷ್ಟು ಹೊತ್ತಾದರೂ ಫೋನ್ ಮಾಡಿ.